ಮನೆಯ ಕಸಕ್ಕೆ ಮನೆಯೇ ಹೊಣೆ

ತಿಪ್ಪೆ ಹೋಗಿ ಉಪ್ಪರಿಗೆಯಾಯಿತು, ಉಪ್ಪರಿಗೆ ಹೋಗಿ ತಿಪ್ಪೆಯಾಯಿತು ಎಂಬ ಗಾದೆ ನಮ್ಮಲ್ಲಿದೆ. ಈಗ ಊರೂರಲ್ಲಿ ಉಪ್ಪರಿಗೆಗಳೆದ್ದಿವೆ. ಹಿತ್ತಿಲ ಮೂಲೆಯ ತಿಪ್ಪೆ ಮಾತ್ರ ಕಾಣೆಯಾಗಿದೆ. ಅದು ಎಲ್ಲಿಗೆ ಹೋಯಿತೆಂದು ತಿಳಿಯಬೇಕಾದರೆ ತಮಿಳುನಾಡಿನ ತಿರುಪ್ಪೂರಿನತ್ತ ಒಮ್ಮೆ ನೋಡಬೇಕು.

ತಿರುಪ್ಪೂರು ಬನಿಯನುಗಳ ಊರೆಂದು ಎಲ್ಲರಿಗೂ ಗೊತ್ತು. ನಮ್ಮ ಹಾಗೆಯೇ ಮನೆಯೊಳಗೆ ಕನ್ನಡ, ಬೀದಿಯಲ್ಲಿ ಇನ್ನೊಂದು ಭಾಷೆ ಆಡುವ ದೇವಾಂಗರೂ ಒಕ್ಕಲಿಗರೂ ಕೊಯಮತ್ತೂರು–ತಿರುಪ್ಪೂರು ಸೀಮೆಯಲ್ಲಿ ತಲೆಮಾರುಗಳಿಂದ ಬಾಳುತ್ತಿದ್ದಾರೆ. ಆ ಊರು 2008ರಲ್ಲಿ ಮಹಾನಗರಪಾಲಿಕೆಯಾಯಿತು, 2009ರಲ್ಲಿ ಜಿಲ್ಲಾ ಕೇಂದ್ರವಾಯಿತು. ಊರು ಬೆಳೆದಂತೆ ಕಸವೂ ಬೆಳೆಯಿತು. ಅದನ್ನು ಸುತ್ತಲಿನ ಹಳ್ಳಿಗಳ ಪಾಳುಬಿದ್ದ ಕಲ್ಲುಕೋರೆಗಳಿಗೆ ಸುರಿಯತೊಡಗಿದರು. ಬಾವಿಯ ನೀರು ಕೆಡುತ್ತದೆಂದು ಮುದಲಿಪಾಳೆಯಂ ಮೊದಲಾದ ಕಡೆಗಳ ಜನರು 2025ರಲ್ಲಿ ಪ್ರತಿಭಟನೆಗಿಳಿಯಬೇಕಾಯಿತು. ಬಣ್ಣದ ನೀರಿನಿಂದ ನೊಯ್ಯಲ್ ನದಿ ಮೊದಲೇ ಕೆಟ್ಟಿತ್ತು. 2011ರಲ್ಲಿ ಮದ್ರಾಸ್ ಹೈಕೋರ್ಟು ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಲು ಆಜ್ಞೆಯಿತ್ತಿತ್ತು. ಬಣ್ಣದ ನೀರಿಗೆ ಕಾರ್ಖಾನೆಯನ್ನು ದೂರಬಹುದು. ಹಳಸಿದ ಅನ್ನಕ್ಕೂ ಬಾಳೆಕಾಯಿ ಸಿಪ್ಪೆಗೂ ಯಾರನ್ನು ದೂರೋಣ?

ನಮ್ಮ ಕೇರಳದ ಕಥೆಯೂ ಬೇರೆಯಲ್ಲ. ತಿರುವನಂತಪುರದ ಕಸವನ್ನು ಹೊತ್ತ ವಿಳಪ್ಪಿಲ್‌ಶಾಲೆಯ ಜನರು 2011ರಲ್ಲಿ ಅಲ್ಲಿನ ಘಟಕಕ್ಕೆ ಬೀಗ ಹಾಕಿಸಿದರು. 2023ರ ಮಾರ್ಚಿನಲ್ಲಿ ಬ್ರಹ್ಮಪುರದ ಕಸದ ರಾಶಿಗೆ ಬೆಂಕಿ ಬಿದ್ದು ಕೊಚ್ಚಿ ನಗರವೇ ದಿನಗಟ್ಟಲೆ ಹೊಗೆ ಕುಡಿಯಿತು. ಎಲ್ಲ ಕಡೆಯೂ ಕಾರಣ ಒಂದೇ. ಹಸಿಕಸ, ಪ್ಲಾಸ್ಟಿಕ್ಕು ಒಂದೇ ಚೀಲದಲ್ಲಿ ಬೆರೆತು ಗಾಳಿಯಿಲ್ಲದೆ ಕೊಳೆಯುತ್ತದೆ. ಕೆಳಗೆ ಕಪ್ಪು ನೀರು ಇಳಿಯುತ್ತದೆ, ಮೇಲೆ ಬೆಂಕಿ ಹತ್ತುವ ಅನಿಲ ಏಳುತ್ತದೆ. ಊರ ಕಸದಲ್ಲಿ ಸುಮಾರು ಅರ್ಧ ಪಾಲು ಅಡುಗೆಮನೆಯ ಹಸಿಕಸ. ಆ ಅರ್ಧ ನಮ್ಮ ಹಿತ್ತಿಲಲ್ಲೇ ಉಳಿದರೆ ಉಳಿದರ್ಧ ಯಾರಿಗೂ ಇಷ್ಟು ಭಾರವಾಗದು.

ಇದು ಹೊಸ ವಿದ್ಯೆಯೇನೂ ಅಲ್ಲ. ಆಲ್ಬರ್ಟ್ ಹೋವಾರ್ಡ್ ಎಂಬ ಆಂಗ್ಲ ವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು, ನಮ್ಮ ರೈತರಿಂದಲೂ ಕಲಿತು, ರಾಶಿಯನ್ನು ಮಗುಚಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. 1939ರಲ್ಲಿ ಸಿ. ಎನ್. ಆಚಾರ್ಯರು ಬೆಂಗಳೂರಿನಲ್ಲಿ, ಗುಂಡಿ ತುಂಬಿ ಮಣ್ಣು ಮುಚ್ಚಿ ಮಗುಚದೆಯೇ ಬಿಡುವ ಇನ್ನೊಂದು ಕ್ರಮವನ್ನು ತಂದರು. ಜಗತ್ತು ಅದನ್ನು ಇಂದಿಗೂ 'ಬೆಂಗಳೂರು ಕ್ರಮ' ಎಂದೇ ಕರೆಯುತ್ತದೆ.

ಮನೆಯ ಮಟ್ಟಿಗೆ ಇಷ್ಟು ಸಾಕು. ತಳ ತೂತಾದ ಹಳೆಯ ಡ್ರಮ್ಮು, ಇಲ್ಲವೇ ಇಟ್ಟಿಗೆಯನ್ನು ಸಂದು ಬಿಟ್ಟು ಜೋಡಿಸಿದ ತೊಟ್ಟಿ. ಅಡಿಯಲ್ಲಿ ತೆಂಗಿನ ಸಿಪ್ಪೆ. ಒಂದು ಪಾಲು ಹಸಿಕಸಕ್ಕೆ ಎರಡು ಮೂರು ಪಾಲು ತರಗೆಲೆ. ನಡುನಡುವೆ ಒಂದು ಹಿಡಿ ಮಣ್ಣು, ಸಿಕ್ಕಿದರೆ ಸೆಗಣಿ ನೀರು. ವಾರಕ್ಕೊಮ್ಮೆ ಮಗುಚಬೇಕು. ಮುಷ್ಟಿಯಲ್ಲಿ ಹಿಂಡಿದರೆ ಒದ್ದೆ ತಿಳಿಯಬೇಕು, ನೀರು ಸೋರಬಾರದು. ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧ. ಘಟ್ಟದ ಮರೆಯ ತಿರುಪ್ಪೂರಿನಲ್ಲಿ ಮಳೆ ಕಡಿಮೆ. ಅಲ್ಲಿ ರಾಶಿಗೆ ನೀರು ಚಿಮುಕಿಸಬೇಕು. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಸುರಿಯುವ ನಮ್ಮಲ್ಲಿ ಅದಕ್ಕೊಂದು ಮಾಡು ಬೇಕು. ಮಾಡಿಲ್ಲದೆ ಮಳೆಗಾಲದಲ್ಲಿ ಗೊಬ್ಬರ ಕೊಳೆತು ನಾರಿತೆಂದು ಕೈಬಿಟ್ಟವರೇ ನಮ್ಮಲ್ಲಿ ಹೆಚ್ಚು.

ನಾತ, ಹುಳು ಎಂದು ಹೆದರುವವರಿದ್ದಾರೆ. ನಾತ ಬಂದರೆ ತರಗೆಲೆ ಸಾಲದು, ನೀರು ಹೆಚ್ಚಾಯಿತು ಎಂದೇ ಅರ್ಥ. ಮೀನಿನ ಮುಳ್ಳು, ಎಣ್ಣೆ ಜಿಡ್ಡು ಹಾಕದಿದ್ದರೆ ಇಲಿ, ನಾಯಿಗಳ ಕಾಟವೂ ಇಲ್ಲ. ಜಾಗವಿಲ್ಲ ಎನ್ನುವವರು ನಾಲ್ಕು ಸೆಂಟಿನ ಮನೆಯಲ್ಲೂ ಸ್ಕೂಟರು ನಿಲ್ಲಿಸಲು ಜಾಗ ಕಂಡುಕೊಂಡಿದ್ದಾರೆ. ಇದು ಪಂಚಾಯತಿನ ಕೆಲಸವಲ್ಲವೇ ಎಂಬ ಪ್ರಶ್ನೆ ಮಾತ್ರ ವಿಚಾರಾರ್ಹ. ಪ್ಲಾಸ್ಟಿಕ್ಕು, ಗಾಜು, ಮುರುಕು ಬಲ್ಬು ಒಯ್ಯುವುದು ಪಂಚಾಯತಿನ ಹೊಣೆಯೇ. ಅದಕ್ಕಾಗಿ ಹರಿತ ಕರ್ಮ ಸೇನೆಯ ಹೆಂಗಸರು ಬಾಗಿಲಿಗೆ ಬರುತ್ತಾರೆ. ಬಸಳೆ ದಂಟನ್ನೂ ಅವರ ತಲೆಗೆ ಹೊರಿಸುವುದು ನ್ಯಾಯವಲ್ಲ.

ತರಗತಿಯಲ್ಲಿ ಜೈವಿಕ ಗೊಬ್ಬರದ ಪಾಠ ಮಾಡುವಾಗ ಮಕ್ಕಳು ಪ್ರಶ್ನೆಗಳಿಗೆ ತಪ್ಪಿಲ್ಲದೆ ಉತ್ತರಿಸುತ್ತಾರೆ. ನಿಮ್ಮ ಮನೆಯ ಸಿಪ್ಪೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಅಜ್ಜ ಅಜ್ಜಿಯರಿಗೆ ಪಾಠವಿಲ್ಲದೆಯೇ ಗೊತ್ತಿದ್ದ ಉತ್ತರವಿದು.

ನಾವು ಕಣ್ಮರೆ ಮಾಡಿದ ಕಸ ಇನ್ನೊಬ್ಬರ ಬಾವಿಯ ಬದಿಯಲ್ಲಿ ಇದ್ದೇ ಇರುತ್ತದೆ. ಮಳೆ ನಿಂತು ಬಸಳೆ ಚಪ್ಪರ ಹಾಕುವ ಹೊತ್ತಿಗೆ ಪ್ರತಿ ಮನೆಯಲ್ಲೂ ಒಂದು ಬುಟ್ಟಿ ಸ್ವಂತ ಗೊಬ್ಬರವಿರಲಿ.