ಎರಡು ದಡಗಳ ನಡುವಣ ನೆಲ

ಪಠ್ಯಭಾರವನ್ನು ತಗ್ಗಿಸುವ ಸದುದ್ದೇಶದಿಂದ 2022–23ನೆಯ ಸಾಲಿನಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಹನ್ನೆರಡನೆಯ ತರಗತಿಯ ಗಣಿತದಿಂದ ಕೆಲವು ಭಾಗಗಳನ್ನು ಕೈಬಿಟ್ಟಿತು. ‘ಎರಡು ವಕ್ರರೇಖೆಗಳ ನಡುವಣ ವಿಸ್ತೀರ್ಣ’ವೆಂಬ ಪುಟ್ಟ ಪ್ರಕರಣವೂ ಅವುಗಳಲ್ಲೊಂದು. ನಮ್ಮ ಪದವಿಪೂರ್ವ ತರಗತಿಗಳ ಗಣಿತವೂ ಆ ಪಠ್ಯವನ್ನೇ ಆಶ್ರಯಿಸಿದೆ. ಕೆಲವೇ ಪುಟಗಳು ಹೋದುದಕ್ಕೆ ಇಷ್ಟು ಚಿಂತೆಯೇಕೆಂದು ಓದುಗರು ಕೇಳಬಹುದು. ಪದವಿ ಹಾಗೂ ಎಂಜಿನಿಯರಿಂಗ್ ತರಗತಿಗಳಲ್ಲಿ ದ್ವಿ-ಅನುಕಲನ, ಅಂದರೆ ವಿದ್ಯಾರ್ಥಿಗಳ ಬಾಯಲ್ಲಿ ಡಬಲ್ ಇಂಟಿಗ್ರೇಷನ್ ಎಂದೇ ಪ್ರಸಿದ್ಧವಾದ ವಿಷಯ, ಇಂದಿಗೂ ಇದ್ದೇ ಇದೆ. ಅಲ್ಲಿಗೆ ಏರಿಸುವ ಮೆಟ್ಟಿಲನ್ನು ತೆಗೆದು ಮಹಡಿಯನ್ನು ಮಾತ್ರ ಉಳಿಸಿಕೊಂಡಂತಾಗಿದೆ. ಈ ಪ್ರಕರಣವನ್ನು ನಮ್ಮಂತಹ ವಿದ್ಯಾಸಂಸ್ಥೆಗಳು ಪರೀಕ್ಷೆಯ ಹಂಗಿಲ್ಲದೆ, ಅದೂ ನೆಲದ ಮೇಲೆ ನಿಲ್ಲಿಸಿ ಕಲಿಸಬೇಕೆಂಬುದು ನನ್ನ ಅಭಿಪ್ರಾಯ.

ಅದಕ್ಕೆ ಬೈಂದೂರು ಸೀಮೆಗಿಂತ ಒಳ್ಳೆಯ ಪಾಠಶಾಲೆ ಬೇರಿಲ್ಲ. ಕೊಡಚಾದ್ರಿಯ ತಪ್ಪಲಿನಿಂದ ಕೊಲ್ಲೂರನ್ನು ಹಾದು ಬರುವ ಸೌಪರ್ಣಿಕೆ ಮರವಂತೆಯಲ್ಲಿ ಕಡಲಿನ ತೀರ ಸಮೀಪಕ್ಕೆ ಬಂದು, ಅದನ್ನು ಸೇರದೆ ತಿರುಗಿ, ಮುಂದೆ ಗಂಗೊಳ್ಳಿಯ ಬಳಿ ಸಮುದ್ರವನ್ನು ಕೂಡುತ್ತದೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಪ್ರವಾಸಿಗಳು ಅಲ್ಲಿ ವಾಹನ ನಿಲ್ಲಿಸಿ ಚಿತ್ರ ತೆಗೆದುಕೊಳ್ಳುತ್ತಾರೆ. ಗಣಿತದ ಉಪಾಧ್ಯಾಯರು ಅಲ್ಲಿ ನಿಂತು ಕೇಳಬೇಕಾದ ಪ್ರಶ್ನೆ ಒಂದೇ: ಈ ಎರಡು ದಡಗಳ ನಡುವೆ ಎಷ್ಟು ನೆಲವಿದೆ?

ಹೆದ್ದಾರಿಯನ್ನು ಆಧಾರರೇಖೆಯೆಂದು ಭಾವಿಸಿ, ನೆಲವನ್ನೆಲ್ಲ ಕಿರಿದಾದ ಚೌಕಗಳಾಗಿ ಒಡೆಯೋಣ. ಮೊದಲು ಕಡಲಂಚಿನಿಂದ ನದಿಯಂಚಿನವರೆಗೆ ಒಂದು ಸಾಲಿನ ಚೌಕಗಳನ್ನು ಕೂಡಿಸಿದರೆ ಒಂದು ಪಟ್ಟಿಯಾಗುತ್ತದೆ. ಬಳಿಕ ಆ ಪಟ್ಟಿಗಳನ್ನು ಹೆದ್ದಾರಿಯ ಉದ್ದಕ್ಕೂ ಕೂಡಿಸಬೇಕು. ದ್ವಿ-ಅನುಕಲನವೆಂದರೆ ಈ ಎರಡು ಕೂಡಿಕೆಗಳೇ. ಒಳಗಿನ ಕೂಡಿಕೆಯ ಮಿತಿಗಳು ವಕ್ರರೇಖೆಗಳು, ಹೊರಗಿನದರ ಮಿತಿಗಳು ಬರಿಯ ಸಂಖ್ಯೆಗಳು. ಸೂತ್ರವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ಈ ಮಿತಿಗಳನ್ನೇ ಅದಲುಬದಲು ಮಾಡುತ್ತಾನೆ. ಕಡಲಿನಿಂದ ನದಿಗೆ ಒಮ್ಮೆ ಹೆಜ್ಜೆ ಹಾಕಿದವನಿಗೆ ಆ ಗೊಂದಲ ಬಾರದು.

ಪುಸ್ತಕದ ಮಾದರಿಯ ಲೆಕ್ಕವೊಂದನ್ನು ನೋಡೋಣ. ಯ = 2ಕ್ಷ ಒಂದು ಸರಳರೇಖೆ; ಯ = ಕ್ಷ² ಒಂದು ಪರವಲಯ. ಇವು ಮೂಲಬಿಂದುವಿನಲ್ಲಿಯೂ, ಕ್ಷ = 2, ಯ = 4 ಆಗಿರುವ ಬಿಂದುವಿನಲ್ಲಿಯೂ ಸಂಧಿಸುತ್ತವೆ. ನಿಂತ ಪಟ್ಟಿಗಳಾಗಿ ಕತ್ತರಿಸಿದರೆ ಪ್ರತಿ ಪಟ್ಟಿಯ ಉದ್ದ 2ಕ್ಷ − ಕ್ಷ². ಸೊನ್ನೆಯಿಂದ 2ರವರೆಗೆ ಕೂಡಿಸಿದಾಗ 4 − 8/3, ಅಂದರೆ 4/3. ಮಲಗಿದ ಪಟ್ಟಿಗಳಾಗಿ ಕತ್ತರಿಸಿದರೆ ಉದ್ದ √ಯ − ಯ/2. ಸೊನ್ನೆಯಿಂದ 4ರವರೆಗೆ ಕೂಡಿಸಿದಾಗ 16/3 − 4, ಮತ್ತೆ ಅದೇ 4/3. ಒಂದು ಮಾನವನ್ನು 10 ಮೀಟರ್ ಎಂದೆಣಿಸಿದರೆ ಸುಮಾರು 133 ಚದರ ಮೀಟರ್. ನಮ್ಮ ಕಡೆಯ ಲೆಕ್ಕದಲ್ಲಿ ಮೂರೂಕಾಲು ಸೆಂಟ್ಸಿಗೆ ತುಸು ಹೆಚ್ಚು. ಹೇಗೆ ಕತ್ತರಿಸಿದರೂ ನೆಲ ಅಷ್ಟೇ ಎಂಬುದನ್ನು ವಿದ್ಯಾರ್ಥಿ ತನ್ನ ಕೈಯಿಂದಲೇ ಕಾಣಬೇಕು. ಚಿತ್ರ ಬರೆಯದೆ ಹೊರಟವನ ಪಾಡು ಬೇರೆ. ಯ = ಕ್ಷ ಮತ್ತು ಯ = ಕ್ಷ³ ಇವುಗಳ ನಡುವಣ ವಿಸ್ತೀರ್ಣವನ್ನು −1ರಿಂದ 1ರವರೆಗೆ ಕೇಳಿದರೆ, ಒಂದರಿಂದ ಇನ್ನೊಂದನ್ನು ಕಳೆದು ಸೊನ್ನೆಯೆಂದು ಬರೆಯುತ್ತಾನೆ. ರೇಖೆಗಳು ಮಧ್ಯದಲ್ಲಿ ಒಂದನ್ನೊಂದು ದಾಟಿ ಮೇಲು ಕೆಳಗಾಗಿರುವುದು ಅವನಿಗೆ ತೋರುವುದಿಲ್ಲ. ಅಲ್ಲಿರುವುದು ಅರ್ಧ ಮಾನದಷ್ಟು ನೆಲ.

ಈ ವಿದ್ಯೆ ಪರದೇಶದಿಂದ ಬಂದುದೆಂದು ಹಿಂಜರಿಯುವವರು ನೃಪತುಂಗನ ಕಾಲವನ್ನು ನೆನೆಯಬೇಕು. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಯವೆಯ ಕಾಳು, ಮೃದಂಗ, ವಜ್ರ ಮೊದಲಾದ ಆಕಾರದ ಕ್ಷೇತ್ರಗಳ ವಿಸ್ತೀರ್ಣಕ್ಕೆ ವ್ಯವಹಾರಸೂತ್ರವಿದೆ: ತುದಿಯ ಅಗಲ ಮತ್ತು ನಡುವಿನ ಅಗಲಗಳ ಮೊತ್ತದ ಅರ್ಧವನ್ನು ಉದ್ದದಿಂದ ಗುಣಿಸುವುದು. ಮೇಲಿನ ಆಕೃತಿಯ ಉದ್ದ 2, ನಡುವಿನ ಅಗಲ 1, ತುದಿಗಳು ಸೊನ್ನೆ. ಸೂತ್ರದಂತೆ ವಿಸ್ತೀರ್ಣ 1, ನಿಜವಾದದ್ದು 4/3. ನಡುವಿನ ಅಗಲವನ್ನು ನಾಲ್ಕು ಪಟ್ಟು ಮಾಡಿ, ತುದಿಗಳನ್ನು ಕೂಡಿಸಿ, ಆರರಿಂದ ಭಾಗಿಸಿ, ಉದ್ದದಿಂದ ಗುಣಿಸಿದರೆ ಸರಿಯಾಗಿ 4/3 ದೊರೆಯುತ್ತದೆ. ಇದು ಭೂಮಾಪಕರು ಬಳಸುವ ಸಿಂಪ್ಸನ್ನನ ಸೂತ್ರ. ಆಚಾರ್ಯನ ಸೂತ್ರ ಸ್ಥೂಲವಾದುದು, ನಿಜ. ಆದರೆ ಅಂಚು ಬಾಗಿದ ನೆಲವನ್ನೂ ಅಳೆಯಬೇಕೆಂಬ ಚಿಂತೆ ಈ ನಾಡಿನಲ್ಲಿ ಆಗಲೇ ಇತ್ತು.

ವಿಸ್ತೀರ್ಣಕ್ಕೆ ಒಂದೇ ಅನುಕಲನ ಸಾಕಾಗಿರುವಾಗ ಎರಡೇಕೆ ಎಂದು ಚುರುಕಾದ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಅವನಿಗೆ ಉತ್ತರವಾಗಿ ಕೆಳದಿಯ ಶಿವಪ್ಪನಾಯಕನ (1645–1660) ಶಿಸ್ತನ್ನು ತೋರಿಸಬೇಕು. ನಮ್ಮ ಕರಾವಳಿಯೂ ಅವನ ಆಡಳಿತಕ್ಕೆ ಸೇರಿತ್ತು. ಆತನು ಮಣ್ಣಿನ ಗುಣ ಹಾಗೂ ನೀರಿನ ಸೌಕರ್ಯಗಳನ್ನು ನೋಡಿ ಭೂಮಿಯನ್ನು ಐದು ದರ್ಜೆಗಳಾಗಿ ವಿಂಗಡಿಸಿ, ಬಿತ್ತನೆಯ ಖಂಡುಗದ ಲೆಕ್ಕದಲ್ಲಿ, ಇಳುವರಿಗೆ ತಕ್ಕಂತೆ ಕಂದಾಯ ಗೊತ್ತುಪಡಿಸಿದನು. ಎಲ್ಲ ನೆಲವೂ ಒಂದೇ ಅಲ್ಲವೆಂಬ ಅರಿವೇ ಅದರ ತಳಹದಿ. ದ್ವಿ-ಅನುಕಲನದಲ್ಲಿ ಬರಿಯ ವಿಸ್ತೀರ್ಣ ಬೇಕಾದಾಗ ಪ್ರತಿ ಚೌಕದ ಬೆಲೆಯನ್ನು 1 ಎಂದಿಡುತ್ತೇವೆ. ಆ 1ರ ಸ್ಥಾನದಲ್ಲಿ ಮಣ್ಣಿನ ಗುಣವನ್ನಿಟ್ಟರೆ ಒಟ್ಟು ಇಳುವರಿ ಬರುತ್ತದೆ. ನಮ್ಮ ಆಕೃತಿಯಲ್ಲಿ ಇಳುವರಿ ಯ ಬೆಳೆದಂತೆ ಬೆಳೆಯುವುದೆಂದಿಟ್ಟುಕೊಳ್ಳಿ. ಕನಿಷ್ಠ 0, ಗರಿಷ್ಠ 4, ಆದುದರಿಂದ ಸರಾಸರಿ 2 ಎಂದು ಅವಸರದಿಂದ ವಿಸ್ತೀರ್ಣಕ್ಕೆ ಗುಣಿಸಿದರೆ 8/3. ಚೌಕಚೌಕವಾಗಿ ಕೂಡಿಸಿದರೆ 32/15. ಅವಸರದ ಲೆಕ್ಕ ರೈತನ ಮೇಲೆ ಸರಿಯಾಗಿ ಕಾಲುಪಾಲು ಹೆಚ್ಚು ಕಂದಾಯ ಹೇರುತ್ತದೆ! ಗಣಿತದಲ್ಲಿ ನ್ಯಾಯಾನ್ಯಾಯದ ಮಾತು ಬರುವುದಿಲ್ಲವೆನ್ನುವವರು ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದು ನೋಡಲಿ. ಕಾಯಕವನ್ನು ಹಿರಿದೆಂದು ಬಗೆದ ಪರಂಪರೆಯ ಶ್ರೀಮಠದ ಶಾಲೆಯಲ್ಲಿ ದುಡಿದವನ ನೆಲದ ಲೆಕ್ಕ ಪಾಠವಾಗುವುದು ಉಚಿತವೇ ಆಗಿದೆ.

ದಾನಿಗಳು ಕಟ್ಟಡಗಳನ್ನೂ ಗಣಕಯಂತ್ರಗಳನ್ನೂ ಉದಾರವಾಗಿ ನೀಡುತ್ತಾರೆ, ಅದು ಸ್ತುತ್ಯ. ಅವರಲ್ಲಿ ನನ್ನ ಬಿನ್ನಹ ಸಣ್ಣದು: ಒಂದು ಅಳತೆಯ ಸರಪಳಿ, ಎರಡು ಉದ್ದನೆಯ ಟೇಪುಗಳು, ಹತ್ತಾರು ಗುರುತುಕೋಲುಗಳು, ಚೌಕಳಿ ಕಾಗದದ ಕೆಲವು ಕಟ್ಟುಗಳು. ಉಪಾಧ್ಯಾಯರಲ್ಲಿ ಕೇಳುವುದು ವರ್ಷಕ್ಕೆ ನಾಲ್ಕೈದು ತರಗತಿಗಳಷ್ಟು ಅವಧಿ. ಭೂಮಾಪನವನ್ನೋ ಎಂಜಿನಿಯರಿಂಗನ್ನೋ ವೃತ್ತಿಯಾಗಿಸಿಕೊಂಡ ಹಳೆಯ ವಿದ್ಯಾರ್ಥಿಗಳು ಒಂದು ದಿನ ಜೊತೆಗೆ ಬಂದರೆ ಇನ್ನೂ ಒಳಿತು.

ಮೊದಲ ಅಳತೆಗೆ ನದಿಯ ದಡವನ್ನೂ ಹುಡುಕಬೇಕಾಗಿಲ್ಲ. ಮಳೆಗಾಲದಲ್ಲಿ ಕಡಲು ಮರಳನ್ನು ಕೊರೆದೊಯ್ಯುವುದನ್ನು ಈ ತೀರದವರೆಲ್ಲ ಬಲ್ಲರು. ಏಪ್ರಿಲಿನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಇನ್ನೊಮ್ಮೆ, ಹೆದ್ದಾರಿಯಂಚಿನ ಅದೇ ಗುರುತುಗಳಿಂದ, ಭರತ ಇಳಿತಗಳ ಅದೇ ಹೊತ್ತಿನಲ್ಲಿ, ಹತ್ತು ಹತ್ತು ಮೀಟರಿಗೊಮ್ಮೆ ಕಡಲಂಚಿನ ದೂರವನ್ನು ಬರೆದುಕೊಂಡರೆ ಕಾಗದದ ಮೇಲೆ ಎರಡು ವಕ್ರರೇಖೆಗಳು ಮೂಡುತ್ತವೆ. ಅವು ಎಲ್ಲೆಲ್ಲಿ ಒಂದನ್ನೊಂದು ದಾಟಿವೆಯೆಂದು ಮೊದಲು ಗುರುತಿಸಿ, ಹೋದ ನೆಲವನ್ನೂ ಬಂದ ನೆಲವನ್ನೂ ಬೇರೆಬೇರೆಯಾಗಿ ಕೂಡಿಸಿ, ಸೆಂಟ್ಸುಗಳಲ್ಲಿ ಬರೆದು ಶಾಲೆಯ ಗೋಡೆಗೆ ತೂಗುಹಾಕಬಹುದು.