ಲೆನ್ಸಿಗೆ ನಳ್ಳಿ ನೀರು ಬೇಡ

ಮದುವೆಮನೆಗೆ ಹೊರಡುವ ಅವಸರದಲ್ಲಿ ಕಾಂಟ್ಯಾಕ್ಟ್ ಲೆನ್ಸನ್ನು ನಳ್ಳಿ ನೀರಿನಲ್ಲೇ ತೊಳೆದು ಕಣ್ಣಿಗಿಡುವವರಿದ್ದಾರೆ. ನೀರು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ಅಕಾಂತಮೀಬಾ ಎಂಬ ಸೂಕ್ಷ್ಮ ಪರೋಪಜೀವಿ ಇರಬಹುದು. ಅದು ಲೆನ್ಸಿಗಂಟಿಕೊಂಡು ಕಣ್ಣಿನ ಪಾರದರ್ಶಕ ಪಟಲವಾದ ಕಾರ್ನಿಯಾವನ್ನು ಸೇರುತ್ತದೆ. ಲೆನ್ಸ್ ಧರಿಸದವರೂ ನಿಶ್ಚಿಂತರಾಗುವಂತಿಲ್ಲ. ನಮ್ಮ ದೇಶದಲ್ಲಿ ಕೆಸರು, ಕೊಳಕು ನೀರು ಕಣ್ಣಿಗೆ ಬಿದ್ದು ಈ ರೋಗ ತಗಲಿದವರೇ ಹೆಚ್ಚು.

ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಬೆಳಕನ್ನು ಸಹಿಸಲಾಗುವುದಿಲ್ಲ. ಎಷ್ಟೋ ಮಂದಿಗೆ ಹೊರಗೆ ಕಾಣುವ ತೊಂದರೆ ಸ್ವಲ್ಪ, ನೋವು ಮಾತ್ರ ವಿಪರೀತ. ಆರಂಭದಲ್ಲಿ ಇದನ್ನು ಹರ್ಪಿಸ್ ವೈರಸ್ಸಿನ ಸೋಂಕೆಂದು ಭಾವಿಸುವುದುಂಟು. ಆದ್ದರಿಂದ ಲೆನ್ಸಿನ ವಿಷಯ, ನೀರು ತಾಗಿದ ವಿಷಯ ಎರಡನ್ನೂ ವೈದ್ಯರು ಕೇಳುವ ಮೊದಲೇ ಹೇಳಿಬಿಡಿ. ಮರಗಟ್ಟಿಸುವ ಹನಿ ಹಾಕಿ, ಕಾರ್ನಿಯಾವನ್ನು ಮೆಲ್ಲಗೆ ಕೆರೆದು ತೆಗೆದ ಅಂಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಹೆದರಬೇಕಾಗಿಲ್ಲ.

ಚಿಕಿತ್ಸೆಗೆ ತಾಳ್ಮೆ ಬೇಕು. ಸಾಮಾನ್ಯವಾಗಿ ಶೇ. 0.02ರ ಪಿ.ಎಚ್.ಎಂ.ಬಿ. ಅಥವಾ ಕ್ಲೋರ್‌ಹೆಕ್ಸಿಡಿನ್ ಹನಿಗಳನ್ನು ಮೊದಲ ದಿನಗಳಲ್ಲಿ ರಾತ್ರಿ ನಿದ್ದೆಗೆಟ್ಟಾದರೂ ಗಂಟೆಗೊಮ್ಮೆ ಹಾಕಬೇಕು, ಆಮೇಲೆ ತಿಂಗಳುಗಟ್ಟಲೆ. ಗಟ್ಟಿ ಕವಚದೊಳಗೆ ಅಡಗಿದ ಅಮೀಬಾ ಸುಲಭಕ್ಕೆ ಸಾಯುವುದಿಲ್ಲ. ಔಷಧದಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಹನಿ ಹಾಕಿದರೆ ಕೆಂಪು ಇಳಿದೀತು, ರೋಗ ಒಳಗೊಳಗೇ ಬೆಳೆದು ದೃಷ್ಟಿಯನ್ನೇ ಕಸಿದೀತು.

ಸ್ನಾನಕ್ಕೆ ಮುಂಚೆ ಲೆನ್ಸ್ ತೆಗೆದಿಡಿ. ವುಝೂ ಮಾಡಿದ ಒದ್ದೆ ಕೈಯನ್ನು ಚೆನ್ನಾಗಿ ಒರೆಸದೆ ಅದನ್ನು ಮುಟ್ಟಬೇಡಿ. ಡಬ್ಬಿಯಲ್ಲಿನ ಹಳೆಯ ದ್ರಾವಣವನ್ನು ದಿನವೂ ಚೆಲ್ಲಿ ಹೊಸದನ್ನೇ ಹಾಕಿ.