ಮೂರು ಬೆಂಚು ಹಿಂದೆ

ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯದ ಭಾನುವಾರದ ಬಲಿಪೂಜೆ. ಪರಮಪ್ರಸಾದಕ್ಕೆ ಮುಂಚೆ ಗುರುಗಳು ಶಾಂತಿ ಹಂಚಿಕೊಳ್ಳಿ ಎನ್ನುತ್ತಾರೆ. ಎಡಕ್ಕೆ ತಿರುಗಿ ಕೈ ಮುಗಿಯುತ್ತೇವೆ, ಬಲಕ್ಕೆ ತಿರುಗಿ ಕೈ ಮುಗಿಯುತ್ತೇವೆ. ಮೂರು ಬೆಂಚು ಹಿಂದೆ ಕೂತ ಒಡಹುಟ್ಟಿದವನ ಕಡೆಗೆ ಮಾತ್ರ ಕತ್ತು ತಿರುಗುವುದಿಲ್ಲ. ಗುರುತಿಲ್ಲದವರಿಗೆ ಶಾಂತಿ ಕೋರುವುದು ಎಷ್ಟು ಸಲೀಸು! ಅವರು ನಮ್ಮ ಸೈಟು ಒತ್ತಿಲ್ಲ, ಅಪ್ಪ ಆಸ್ಪತ್ರೆಯಲ್ಲಿದ್ದಾಗ ಫೋನ್ ಆಫ್ ಮಾಡಿಕೊಂಡು ಕೂತಿಲ್ಲ.

ನಾನೇನೂ ದಡದಲ್ಲಿ ನಿಂತು ಹೇಳುತ್ತಿಲ್ಲ. ಒಂದು ಮನೆಯ ಮುಂದೆ ಹಾಯಬಾರದೆಂದು ವರ್ಷಗಟ್ಟಲೆ ಸುತ್ತುದಾರಿ ಹಿಡಿದವನು ನಾನು. ಜಪಮಾಲೆ ಜೇಬಿನಲ್ಲೇ ಇರುತ್ತಿತ್ತು.

ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದ ಕಥೆ ನಮಗೆಲ್ಲ ಬಾಯಿಪಾಠ. ಹತ್ತು ಸಾವಿರ ತಲಾಂತು ಸಾಲ ಮಾಡಿದ ಆಳನ್ನು ಒಡೆಯ ಮನ್ನಿಸುತ್ತಾನೆ. ಆ ಆಳೇ ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ದಿನಾರಿಯೆಂದರೆ ಆ ಕಾಲದ ಒಂದು ದಿನದ ಕೂಲಿ, ತಲಾಂತಿಗೆ ಆರು ಸಾವಿರ ದಿನಾರಿ. ಲೆಕ್ಕ ಹಾಕಿ: ಆರು ಕೋಟಿ ದಿನದ ಕೂಲಿ ಒಂದು ಕಡೆ, ನೂರು ದಿನದ್ದು ಇನ್ನೊಂದು ಕಡೆ. ಪ್ರಬೋಧನೆಗಳಲ್ಲಿ ಈ ನೂರನ್ನು ಚಿಲ್ಲರೆ ಕಾಸೆಂದು ತಳ್ಳಿಬಿಡುತ್ತಾರೆ. ಭದ್ರಾವತಿಯವರು ಇದನ್ನು ಒಪ್ಪಬಾರದು. 1923ರಿಂದ ಕಬ್ಬಿಣ ಕರಗಿಸಿದ ಊರು ಅದು. 1936ರಲ್ಲಿ ಹುಟ್ಟಿದ ಕಾಗದ ಕಾರ್ಖಾನೆ ಕಣ್ಣೆದುರೇ ನಿಂತುಹೋದದ್ದನ್ನು ಕಂಡ ಊರು. ನೂರು ದಿನ ಸಂಬಳ ಬಾರದಿದ್ದರೆ ದಿನಸಿ ಅಂಗಡಿಯ ಬಾಕಿ ಎಲ್ಲಿಗೆ ಏರುತ್ತದೆ, ಯಾರ ಬಳೆ ಅಡವಿಗೆ ಹೋಗುತ್ತದೆ ಎಂದು ಅಲ್ಲಿನ ಗೃಹಿಣಿಯರನ್ನು ಕೇಳಿ. ನಿನ್ನ ಗಾಯ ಸಣ್ಣದು ಎಂದು ಯೇಸು ಹೇಳಲೇ ಇಲ್ಲ. ಸಾಲ ನಿಜವಾದದ್ದೇ. ಆದರೆ ಕುತ್ತಿಗೆ ಹಿಡಿದ ಆ ಕೈ ಈಗಷ್ಟೇ ಏನು ಪಡೆದು ಬಂತು?

ಕ್ಷಮಿಸುವುದೆಂದರೆ ನ್ಯಾಯವನ್ನು ಕೈಬಿಡುವುದಲ್ಲ. ಕುಷ್ಠರೋಗಿಗಳ ಸೇವೆಯಲ್ಲಿದ್ದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಹತ್ತು ಮತ್ತು ಆರು ವರ್ಷದ ಇಬ್ಬರು ಗಂಡುಮಕ್ಕಳನ್ನೂ 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಜೀಪಿನೊಳಗೇ ಸುಟ್ಟರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು, ಆ ಸೇವೆಯನ್ನು ಮುಂದುವರಿಸಿದರು. ನ್ಯಾಯಾಲಯ ತನ್ನ ಕೆಲಸ ಮಾಡಿತು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ಕ್ಷಮೆ ಈ ಶಿಕ್ಷೆಗೆ ಅಡ್ಡ ಬರಲಿಲ್ಲ. ಆದ್ದರಿಂದ, ಕುಡಿದು ಹೊಡೆಯುವ ಗಂಡನನ್ನು ಕ್ಷಮಿಸಿ ಸುಮ್ಮನಿರಮ್ಮ ಎಂದು ಬುದ್ಧಿ ಹೇಳುವ ಹಿರಿಯರೇ, ದಯವಿಟ್ಟು ನೀವು ಸುಮ್ಮನಿರಿ. ಆಕೆ ಠಾಣೆಗೆ ಹೋಗಲಿ. ಜೊತೆಗೆ ನೀವೂ ಹೋಗಿ. ಮಂಗಳೂರಿನ ಕ್ರೈಸ್ತ ಸನ್ಯಾಸಿನಿಯರ ಆರಾಧನಾ ಮಠದ ಮೇಲೆ 2008ರ ಸೆಪ್ಟೆಂಬರ್ 14ರಂದು ನಡೆದ ದಾಳಿಗೆ ನ್ಯಾಯ ಕೇಳುವುದೂ ತಪ್ಪಲ್ಲ. ಆ ಸಿಟ್ಟನ್ನು ಅಂದು ಹುಟ್ಟಿಯೇ ಇರದ ಪಕ್ಕದ ಮನೆಯ ಹುಡುಗನ ಮೇಲೆ ತೀರಿಸಿಕೊಳ್ಳುವುದು ತಪ್ಪು.

ನಮ್ಮೊಳಗೇ ನಾವು ಒಂದೇ ಬಗೆಯವರಲ್ಲ. 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯವಾಯಿತು. 2007ರಲ್ಲಿ ಭದ್ರಾವತಿಯಲ್ಲಿ ಸಿರೋ ಮಲಬಾರ್ ಧರ್ಮಪ್ರಾಂತ್ಯ ಬಂತು. ನಮ್ಮಲ್ಲಿ ಕೆಲವರು ಕನ್ನಡದಲ್ಲಿ, ಕೆಲವರು ಕೊಂಕಣಿಯಲ್ಲಿ, ತಮಿಳಿನಲ್ಲಿ, ಮಲಯಾಳದಲ್ಲಿ ಪ್ರಾರ್ಥಿಸುತ್ತಾರೆ. ಆದರೆ ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ಕ್ಷಮೆಗೆ ಹಾಕಿದ ಷರತ್ತು ಯಾವ ನುಡಿಯಲ್ಲೂ ಸಡಿಲವಾಗಿಲ್ಲ. ನಾವು ಮನ್ನಿಸಿದಂತೆಯೇ ನಮ್ಮನ್ನೂ ಮನ್ನಿಸು ಎಂದು ಪ್ರತಿದಿನ ನಮ್ಮ ಬಾಯಿಂದಲೇ ನಮ್ಮ ತೀರ್ಪು ಬರೆಸಿಕೊಳ್ಳುತ್ತಿದ್ದೇವಲ್ಲ, ಅಣ್ಣಂದಿರೇ, ಅಕ್ಕಂದಿರೇ, ಹೆದರಿಕೆಯಾಗುವುದಿಲ್ಲವೇ?

ತುಂಗೆ ಭದ್ರೆ ಕೂಡಲಿಯಲ್ಲಿ ಒಂದಾಗುವಂತೆ ಒಂದಾಗಿ ಎಂದು ಮುಗಿಸಿಬಿಡಬಹುದಿತ್ತು. ಆದರೆ ನೀರಿಗೆ ಇಳಿಜಾರಿದೆ, ನಮಗೆ ಏರು. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ರಾಜಿಯಾಗಿ ಬಾ ಎಂದ ಪ್ರಭು ಯಾರು ಸರಿ, ಯಾರು ತಪ್ಪು ಎಂದು ಕೇಳಲಿಲ್ಲ. ಹಾಗಾಗಿ ಈ ಭಾನುವಾರವೇ ಹೊರಡಿ. ಆ ಮನೆ ಬೇರೆ ಊರಿನಲ್ಲಿದ್ದರೂ, ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿಗೇನೂ ಬರವಿಲ್ಲ. ಮಾತು ಸಿದ್ಧಮಾಡಿಕೊಂಡು ಹೋಗಬೇಡಿ; ನಾನು ಮಾಡಿಕೊಂಡದ್ದೆಲ್ಲ ಗೇಟಿನ ಹತ್ತಿರವೇ ಮರೆತುಹೋಯಿತು. ಬಾಗಿಲು ತೆರೆಯದಿರಲೂಬಹುದು; ಮುಂದಿನ ವಾರ ಮತ್ತೆ ಹೋಗಿ. ನನಗೆ ಮೂರನೇ ಸಲಕ್ಕೆ ತೆರೆಯಿತು. ಬಾಗಿಲು ತೆರೆದವನು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ.

“ಚಪ್ಪಲಿ ಒಳಗೇ ಬಿಡಣ್ಣ. ಹೊರಗೆ ನಾಯಿ ಕಚ್ಕೊಂಡು ಹೋಗ್ತವೆ.”